ಹುಟ್ಟಿದ್ದು ಲೊಸಾನ್, ಊರು ಹವಾನಾ

ಹೊರನಾಡಿನಲ್ಲಿ ಇಬ್ಬರು ಕನ್ನಡಿಗರು ಮೊದಲ ಸಲ ಎದುರಾದರೆ "ಕನ್ನಡದವರಾ?" ಅನ್ನೋದು ಮೊದಲ ಪ್ರಶ್ನೆ. ಅದರ ಬೆನ್ನಿಗೇ ಬರೋದು "ಯಾವೂರು ನಿಮ್ದು?" ದಿಲ್ಲಿಯ ರಾಮಕೃಷ್ಣಪುರದಲ್ಲಿರುವ ಕರ್ನಾಟಕ ಸಂಘದ ಕಾರ್ಯಕ್ರಮಗಳಿಗೆ ಹೋದರೆ ಊಟದ ಸಾಲಿನಲ್ಲಿ ಈ ಪ್ರಶ್ನೆ ಕಿವಿಗೆ ಬೀಳದೇ ಇರೋದಿಲ್ಲ. ಕೇಳಿದವರಿಗೆ ಜನಕಪುರಿ, ಮಯೂರ ವಿಹಾರ ಅನ್ನೋ ಉತ್ತರ ಬೇಕಾಗಿಲ್ಲ. ಗದಗ, ಕುಂದಾಪುರ, ತಿಪಟೂರು ಅನ್ನಬೇಕು. ಹಾಗೆ ಹೇಳುವವರಲ್ಲಿ ಎಷ್ಟೋ ಜನರಿಗೆ ಆ ಊರಿನಲ್ಲಿ ಈಗ ಮನೆಯಿಲ್ಲ, ಹೊಲವಿಲ್ಲ, ಹೋದರೆ ಉಳಿದುಕೊಳ್ಳೋಕೆ ಲಾಡ್ಜೇ ಗತಿ. ಆದರೂ ಊರು ಅದೇ. ಇನ್ನು ದಿಲ್ಲಿಯಲ್ಲೇ ಹುಟ್ಟಿದ ಮಕ್ಕಳನ್ನು ಕೇಳಿದರೆ ಅವು ಒಂದು ಕ್ಷಣ ಅಪ್ಪ ಅಮ್ಮನ ಮುಖ ನೋಡಿ ಆಮೇಲೆ ಉತ್ತರ ಹೇಳ್ತವೆ.

ಈ ಪ್ರಶ್ನೆಗೆ ಜೀವಮಾನವಿಡೀ ಒಂದೇ ಉತ್ತರ ಕೊಟ್ಟು, ಸತ್ತ ಮೇಲೆ ಆ ಉತ್ತರ ಸುಳ್ಳು ಅಂತ ಬಯಲಾದ ಒಬ್ಬ ದೊಡ್ಡ ಕಾದಂಬರಿಕಾರನ ಕಥೆ ಹೇಳಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಆತನ ಹೆಸರು ಅಲೆಹೊ ಕಾರ್ಪೆಂತಿಯೆರ್. ಕೆರಿಬಿಯನ್ ಸಮುದ್ರದ ಕ್ಯೂಬಾ ದೇಶದವನು. ದರಿಯಾಗಂಜಿನಲ್ಲಿ 2019ರವರೆಗೆ ಫುಟ್‌ಪಾತಿನ ಮೇಲೇ ನಡೀತಿದ್ದ ಭಾನುವಾರದ ಹಳೇ ಪುಸ್ತಕದ ಸಂತೆಯಲ್ಲಿ ಆತನ ಕಾದಂಬರಿಗಳ ಇಂಗ್ಲಿಷ್ ಅನುವಾದ ನನಗೆ ಸಿಕ್ಕಿದ್ದು. ಕನ್ನಡದ ಓದುಗರಿಗೆ ಮಾರ್ಕ್ವೆಜ್ ಗೊತ್ತು. ಎ. ಎನ್. ಪ್ರಸನ್ನ ಅವರ 'ಒಂದು ನೂರು ವರ್ಷಗಳ ಏಕಾಂತ' ಬಂದಮೇಲೆ ಮಕೊಂದೊ ಅನ್ನೋ ಊರೂ ನಮಗೆ ಪರಿಚಯದ್ದೇ. ಆದರೆ ಲ್ಯಾಟಿನ್ ಅಮೆರಿಕದ ವಾಸ್ತವವೇ ಒಂದು ಅದ್ಭುತ, ಅದನ್ನು ಬರೆಯೋಕೆ ಯುರೋಪಿನಿಂದ ಬೆರಗು ಸಾಲ ತರಬೇಕಾಗಿಲ್ಲ ಅನ್ನೋ ಮಾತನ್ನು 1949ರಲ್ಲೇ, ಅಂದರೆ ಮಾರ್ಕ್ವೆಜನ ಆ ಕಾದಂಬರಿಗೆ 18 ವರ್ಷ ಮೊದಲೇ, ಒಂದು ಮುನ್ನುಡಿಯಲ್ಲಿ ಬರೆದವನು ಕಾರ್ಪೆಂತಿಯೆರ್.

ಹುಟ್ಟಿದ್ದು 1904ರ ಡಿಸೆಂಬರ್ 26ರಂದು. ಇದರಲ್ಲಿ ತಕರಾರಿಲ್ಲ. ಎಲ್ಲಿ ಅಂತ ಕೇಳಿದರೆ ಆತ ಹವಾನಾ ಅಂತಿದ್ದ. ಬೀದಿಯ ಹೆಸರನ್ನೂ ಹೇಳ್ತಿದ್ದ, ಮಲೋಹಾ ಬೀದಿ ಅಂತ. ಅಪ್ಪ ಫ್ರಾನ್ಸಿನ ವಾಸ್ತುಶಿಲ್ಪಿ, ಅಮ್ಮ ರಷ್ಯಾದವಳು, ಭಾಷೆ ಕಲಿಸುವ ಕೆಲಸ. ಕ್ಯೂಬಾದಲ್ಲಿ ಬೇರಿಲ್ಲದ ಈ ಇಬ್ಬರೂ ಅಲ್ಲಿಗೆ ಬಂದು ನೆಲೆಸಿದ್ದರು. ಮನೆಯಲ್ಲಿ ಫ್ರೆಂಚ್, ಹೊರಗೆ ಸ್ಪ್ಯಾನಿಷ್. ಇದರಿಂದಾಗಿ ಆತನ ಸ್ಪ್ಯಾನಿಷಿನಲ್ಲಿ 'ರ' ಅಕ್ಷರ ಸಾಯೋತನಕ ಫ್ರೆಂಚರ ಹಾಗೆ ಗಂಟಲಿನಿಂದಲೇ ಹೊರಡ್ತಿತ್ತು. ಸ್ಪ್ಯಾನಿಷ್ ಗದ್ಯದ ಮಹಾ ಶಿಲ್ಪಿ ಅನ್ನಿಸಿಕೊಂಡವನಿಗೆ ಆ ಭಾಷೆಯ 'ರ' ನಾಲಿಗೆ ಮೇಲೆ ಹೊರಳಲಿಲ್ಲ. ಬಾಯಿ ತೆಗೆದರೆ ಸಾಕು, ಎದುರಿಗಿದ್ದವರು ಎಲ್ಲಿಯವನು ಇವನು ಅಂತ ನೋಡೋರು.

ಹವಾನಾ ವಿಶ್ವವಿದ್ಯಾಲಯದಲ್ಲಿ ಅಪ್ಪನ ಹಾಗೇ ವಾಸ್ತುಶಿಲ್ಪ ಓದೋಕೆ ಸೇರಿದ. ಅಷ್ಟರಲ್ಲಿ ಅಪ್ಪ ಹೆಂಡತಿ ಮಗನನ್ನು ಬಿಟ್ಟು ಹೊರಟುಹೋದ. ಓದು ನಿಂತಿತು, ಹೊಟ್ಟೆಪಾಡಿಗೆ ಪತ್ರಿಕೆಗಳಿಗೆ ಬರೆಯೋಕೆ ಶುರುಮಾಡಿದ. ಆಗ ಕ್ಯೂಬಾದಲ್ಲಿ ಹೆರಾರ್ದೊ ಮಚಾದೊ ಅನ್ನೋ ಅಧ್ಯಕ್ಷ ಸರ್ವಾಧಿಕಾರಿಯಾಗಿ ಬೆಳೀತಿದ್ದ ಕಾಲ. ಅವನ ವಿರುದ್ಧ ದನಿಯೆತ್ತಿದ ತರುಣ ಲೇಖಕರ ಗುಂಪಿನಲ್ಲಿ ಕಾರ್ಪೆಂತಿಯೆರನೂ ಇದ್ದ. 1927ರಲ್ಲಿ ಜೈಲಿಗೆ ಹಾಕಿದರು. ಅಲ್ಲೇ ಕ್ಯೂಬಾದ ಕರಿಯರ ಬದುಕಿನ ಬಗ್ಗೆ ಮೊದಲ ಕಾದಂಬರಿ ಬರೆಯೋಕೆ ಕೂತ. ಹೊರಗೆ ಬಂದಮೇಲೂ ಕಣ್ಗಾವಲು ತಪ್ಪಲಿಲ್ಲ. 1928ರಲ್ಲಿ ಪತ್ರಕರ್ತರ ಸಮ್ಮೇಳನಕ್ಕೆ ಅಂತ ಹವಾನಾಕ್ಕೆ ಬಂದಿದ್ದ ಫ್ರೆಂಚ್ ಕವಿ ರೊಬೇರ್ ದೆಸ್ನೋಸ್ ತನ್ನ ಗುರುತಿನ ಕಾಗದಗಳನ್ನು ಈತನ ಕೈಗೆ ಕೊಟ್ಟ. ಇನ್ನೊಬ್ಬನ ಹೆಸರಿನಲ್ಲಿ ಹಡಗು ಹತ್ತಿ ಕಾರ್ಪೆಂತಿಯೆರ್ ಫ್ರಾನ್ಸ್ ಸೇರಿದ. ಆ ದೆಸ್ನೋಸ್ ಮುಂದೆ ನಾಜಿಗಳ ಕೈಗೆ ಸಿಕ್ಕಿ 1945ರಲ್ಲಿ ತೆರೆಸಿನ್ ಶಿಬಿರದಲ್ಲಿ ತೀರಿಕೊಂಡ.

ಹುಟ್ಟಿದ ಜಾಗದ ಸುಳ್ಳು ಯಾಕೆ ಹುಟ್ಟಿತು ಅಂತ ಊಹಿಸೋದಾದರೆ ನನಗೆ ಕಾಣೋದು ಈ ಕಾಲ. ಮಚಾದೊ ಸರ್ಕಾರ ಹೊರದೇಶದಲ್ಲಿ ಹುಟ್ಟಿದ ಕಾರ್ಮಿಕ ನಾಯಕರನ್ನು ಹಿಡಿದು ದೇಶದಿಂದ ಹೊರಗೆ ಹಾಕ್ತಿತ್ತು. ಫ್ರೆಂಚ್ ಹೆಸರು, ಫ್ರೆಂಚ್ 'ರ', ಅದರ ಮೇಲೆ ಹುಟ್ಟಿದ್ದೂ ಹೊರಗೆ ಅಂದುಬಿಟ್ಟರೆ "ನೀನ್ಯಾರು ನಮ್ಮ ದೇಶದ ಬಗ್ಗೆ ಮಾತಾಡೋಕೆ?" ಅಂತ ಕೇಳೋಕೆ ಅಷ್ಟೇ ಸಾಕು. ಈ ಮಾತು ಎಷ್ಟು ಹರಿತ ಅನ್ನೋದು ಹೊರಗಿದ್ದವರಿಗೆ ಗೊತ್ತು. ಹೊರಗಿದ್ದು ಊರಿನ ಬಗ್ಗೆ ಬಾಯಿ ತೆರೆದವರಿಗೆ ಗೊತ್ತು. ಒಮ್ಮೆ ಹೇಳಿದ ಉತ್ತರವನ್ನು ಆಮೇಲೆ ಬದಲಾಯಿಸೋದು ಕಷ್ಟ. ಅದು ಪರಿಚಯ ಪತ್ರದಲ್ಲಿ, ಪುಸ್ತಕದ ಬೆನ್ನುಪುಟದಲ್ಲಿ, ಸಂದರ್ಶನಗಳಲ್ಲಿ ಸೇರಿಕೊಂಡು ನಿಜದ ಹಾಗೇ ಆಗಿಬಿಡುತ್ತೆ.

ಪ್ಯಾರಿಸ್ಸಿನಲ್ಲಿ 11 ವರ್ಷ. ರೇಡಿಯೋದಲ್ಲಿ ಕೆಲಸ, ಕಲೆಯಲ್ಲಿ ಹೊಸದನ್ನು ಮಾಡ್ತಿದ್ದ ಸರ್ರಿಯಲಿಸ್ಟರ ಸಹವಾಸ. ಫ್ರೆಂಚ್ ತಾಯಿಭಾಷೆಯಂತೆ ಬರ್ತಿತ್ತು. ಮನಸ್ಸು ಮಾಡಿದ್ದರೆ ಫ್ರೆಂಚ್ ಲೇಖಕನಾಗಿ ಉಳಿದುಬಿಡಬಹುದಿತ್ತು. ಆದರೆ ಕಾದಂಬರಿ ಬರೆದದ್ದು ಸ್ಪ್ಯಾನಿಷಿನಲ್ಲಿ. ಹೊರಗೆ ಕೂತು ಅಮೆರಿಕ ಖಂಡದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದ್ತಾ ಹೋದ. ನಮ್ಮಲ್ಲೂ ಇದು ಹೊಸದಲ್ಲ. ಊರಲ್ಲಿದ್ದಾಗ ಯಕ್ಷಗಾನದ ಕಡೆ ತಲೆ ಹಾಕಿಯೂ ನೋಡದವರು ಮುಂಬಯಿಗೆ ಬಂದಮೇಲೆ ರಾತ್ರಿಯಿಡೀ ಕೂತು ತಾಳಮದ್ದಳೆ ಕೇಳ್ತಾರೆ.

1939ರಲ್ಲಿ ಹವಾನಾಕ್ಕೆ ವಾಪಸು. 1943ರಲ್ಲಿ ಹೆಂಡತಿ ಲಿಲಿಯಾ ಜೊತೆ ಪಕ್ಕದ ಹೈಟಿಗೆ ಹೋದ. ಅಲ್ಲಿ ಬೆಟ್ಟದ ತುದಿಯಲ್ಲಿ ನಿಂತ ಲಾ ಫೆರ್ರಿಯೇರ್ ಕೋಟೆ, ಕೆಳಗೆ ಸಾನ್ ಸೂಸಿ ಅರಮನೆಯ ಅವಶೇಷ ನೋಡಿದ. ಗುಲಾಮರ ದಂಗೆಯಿಂದ ಹುಟ್ಟಿದ ಆ ದೇಶದಲ್ಲಿ ಒಂದು ಕಾಲಕ್ಕೆ ಗುಲಾಮನಾಗಿದ್ದ ಹೆನ್ರಿ ಕ್ರಿಸ್ತೋಫ್ ರಾಜನಾಗಿ ಕಿರೀಟ ಧರಿಸಿ ಕಟ್ಟಿಸಿದ್ದು ಅವು. ಈ ಪ್ರವಾಸದಿಂದ ಹುಟ್ಟಿದ್ದು 1949ರ 'ಈ ಲೋಕದ ರಾಜ್ಯ' ಅನ್ನೋ ಸಣ್ಣ ಕಾದಂಬರಿ. ಮೊದಲೇ ಹೇಳಿದ ಮುನ್ನುಡಿ ಇದರದ್ದೇ. ಅದರಲ್ಲಿ ತಿ ನೊಯೆಲ್ ಅನ್ನೋ ಗುಲಾಮ ಇದ್ದಾನೆ. ದಂಗೆಯ ಕಾಲದಲ್ಲಿ ಧಣಿ ಅವನನ್ನು ಕ್ಯೂಬಾಕ್ಕೆ ಕರೆದೊಯ್ದಿರ್ತಾನೆ. ಎಷ್ಟೋ ವರ್ಷಗಳ ಮೇಲೆ ಸ್ವತಂತ್ರನಾಗಿ, ಮುದುಕನಾಗಿ, ಗುಲಾಮಗಿರಿ ಇಲ್ಲದ ತನ್ನ ನೆಲಕ್ಕೆ ಮರಳಿ ಬರ್ತಾನೆ. ಬಂದು ನೋಡಿದರೆ ತನ್ನದೇ ಬಣ್ಣದ ರಾಜ, ತನ್ನದೇ ಬಣ್ಣದ ಕಾವಲುಗಾರರು. ಅವರು ಇವನ ಕೈಗೆ ಇಟ್ಟಿಗೆ ಕೊಟ್ಟು ಬೆಟ್ಟ ಹತ್ತು ಅಂತಾರೆ. ಊರಿಗೆ ಮರಳೋದರ ಬಗ್ಗೆ ಇಷ್ಟು ನಿಷ್ಠುರವಾದ ಪುಟಗಳನ್ನು ನಾನು ಬೇರೆಲ್ಲೂ ಓದಿಲ್ಲ. ಹೊರಗಿದ್ದಾಗ ನಾವು ನೆನಪಿಟ್ಟುಕೊಂಡ ಊರು ಒಂದು, ನಮಗಾಗಿ ಅಲ್ಲಿ ಕಾದಿರೋದು ಇನ್ನೊಂದು.

ಅದನ್ನು ಬರೆಯೋ ಹೊತ್ತಿಗೆ ಆತ ಮತ್ತೆ ಹೊರಗಿದ್ದ. 1945ರಲ್ಲಿ ವೆನೆಜುವೆಲಾದ ಕರಾಕಾಸಿಗೆ ಹೋದವನು 14 ವರ್ಷ ಅಲ್ಲೇ ಇದ್ದ. ಜಾಹೀರಾತು ಮತ್ತು ರೇಡಿಯೋ ಹೊಟ್ಟೆಪಾಡಿನ ಕೆಲಸ, ಜೊತೆಗೆ 'ಎಲ್ ನಸಿಯೊನಾಲ್' ಪತ್ರಿಕೆಗೆ ಅಂಕಣ. ಒರಿನೊಕೊ ನದಿಯ ಮೇಲ್ಭಾಗಕ್ಕೆ ಪ್ರಯಾಣ ಮಾಡಿದ. ಅದರ ಫಲ 1953ರ 'ಕಳೆದುಹೋದ ಹೆಜ್ಜೆಗಳು'. ಉತ್ತರದ ದೊಡ್ಡ ನಗರದಲ್ಲಿ ಬೇಸತ್ತ ಒಬ್ಬ ಸಂಗೀತಗಾರ ಹಳೆಯ ವಾದ್ಯ ಹುಡುಕ್ತಾ ಕಾಡಿಗೆ ಹೋಗ್ತಾನೆ. ಅಲ್ಲೊಂದು ಪುಟ್ಟ ಊರು, ಒಬ್ಬ ಹೆಂಗಸು, ಹೊಸ ಸಂಗೀತ ಎಲ್ಲ ಸಿಗುತ್ತೆ. ಆದರೆ ಸಂಗೀತ ಬರೆದಿಡೋಕೆ ಕಾಗದವೇ ಇಲ್ಲ. ಅವನನ್ನು ಹುಡುಕಿಕೊಂಡು ಬಂದ ವಿಮಾನದಲ್ಲಿ, ಕಾಗದ ತಂದು ಬೇಗ ವಾಪಸಾಗ್ತೀನಿ ಅಂತ ನಗರಕ್ಕೆ ಹೋಗ್ತಾನೆ. ಮರಳಿ ಬಂದಾಗ ನದಿ ಏರಿದೆ. ಆ ಊರಿನ ದಾರಿಗೆ ಗುರುತಾಗಿ ಮರದ ಬೊಡ್ಡೆಯ ಮೇಲೆ ಕೆತ್ತಿದ್ದ ಗೀರುಗಳು ನೀರಿನಡಿಗೆ ಹೋಗಿವೆ. ಎಷ್ಟು ಹುಡುಕಿದರೂ ದಾರಿ ಸಿಗೋದಿಲ್ಲ. "ಎರಡು ವರ್ಷ ಇದ್ದು ವಾಪಸು ಬಂದುಬಿಡ್ತೀನಿ" ಅಂತ ರೈಲು ಹತ್ತಿದ ಯಾರಿಗಾದರೂ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

1959ರಲ್ಲಿ ಕ್ಯೂಬಾದಲ್ಲಿ ಕ್ರಾಂತಿ ಗೆದ್ದಿತು. ಕಾರ್ಪೆಂತಿಯೆರ್ ಕರಾಕಾಸಿನ ಒಳ್ಳೇ ಸಂಬಳ ಬಿಟ್ಟು ಊರಿಗೆ ಬಂದ. ಹೊಸ ಸರ್ಕಾರದ ರಾಷ್ಟ್ರೀಯ ಪ್ರಕಾಶನದ ಹೊಣೆ ಹೊತ್ತ. ಕರಾಕಾಸಿನಲ್ಲಿ ಬಹುಮಟ್ಟಿಗೆ ಬರೆದು ತಂದಿದ್ದ 'ಜ್ಞಾನೋದಯದ ಶತಮಾನ' 1962ರಲ್ಲಿ ಪ್ರಕಟವಾಯಿತು. ಅದರ ನಾಯಕ ಇತಿಹಾಸದಲ್ಲಿ ಬದುಕಿದ್ದ ವಿಕ್ತೋರ್ ಯೂಗ್. ಫ್ರೆಂಚ್ ಕ್ರಾಂತಿ ಸರ್ಕಾರದ ಪ್ರತಿನಿಧಿಯಾಗಿ 1794ರಲ್ಲಿ ಗ್ವಾದೆಲೂಪ್ ದ್ವೀಪಕ್ಕೆ ಬಂದವನು. ಹಡಗಿನಲ್ಲಿ ಎರಡು ಸಾಮಾನು ತಂದಿದ್ದ, ಗುಲಾಮಗಿರಿ ರದ್ದು ಮಾಡುವ ಆಜ್ಞೆ ಮತ್ತು ತಲೆ ಕಡಿಯುವ ಗಿಲೊಟಿನ್. ಮುಂದೆ ಪ್ಯಾರಿಸ್ಸಿನಲ್ಲಿ ಸರ್ಕಾರ ಬದಲಾಗಿ 1802ರಲ್ಲಿ ಗುಲಾಮಗಿರಿ ಮತ್ತೆ ಜಾರಿಯಾದಾಗ, ಕಯೆನ್ನಿನಲ್ಲಿ ಅಧಿಕಾರಿಯಾಗಿದ್ದ ಇದೇ ಮನುಷ್ಯ ಆ ಆಜ್ಞೆಯನ್ನೂ ಪಾಲಿಸಿದ. ದೂರದ ರಾಜಧಾನಿಯ ಮಾತನ್ನು ಇಲ್ಲಿ ಜಾರಿಗೆ ತರೋ ಮನುಷ್ಯ ಎಷ್ಟು ದಿನ ತನ್ನ ಮನುಷ್ಯನಾಗಿರ್ತಾನೆ ಅನ್ನೋದು ಆ ಕಾದಂಬರಿಯ ಪ್ರಶ್ನೆ. ನಾಲ್ಕು ವರ್ಷದಲ್ಲಿ ಅದನ್ನು ಬರೆದವನೇ ದೂರದ ರಾಜಧಾನಿಯ ಪ್ರತಿನಿಧಿಯಾಗಿ ಹೊರಟ.

1966ರಲ್ಲಿ ಕ್ಯೂಬಾ ಸರ್ಕಾರ ಆತನನ್ನು ಪ್ಯಾರಿಸ್ಸಿನ ತನ್ನ ರಾಯಭಾರ ಕಚೇರಿಗೆ ಸಾಂಸ್ಕೃತಿಕ ವಿಷಯಗಳ ಹಿರಿಯ ಅಧಿಕಾರಿಯಾಗಿ ಕಳಿಸಿತು. ನಮ್ಮ ಗಿರೀಶ ಕಾರ್ನಾಡರು 2000ದಿಂದ 2003ರವರೆಗೆ ಲಂಡನ್ನಿನ ನೆಹರೂ ಸೆಂಟರಿನ ನಿರ್ದೇಶಕರಾಗಿ ಇದ್ದರಲ್ಲ, ಹೆಚ್ಚುಕಡಿಮೆ ಅಂಥ ಕೆಲಸ. ಕಾರ್ನಾಡರು ಮೂರು ವರ್ಷಕ್ಕೆ ವಾಪಸು ಬಂದರು. ಕಾರ್ಪೆಂತಿಯೆರ್ ಸಾಯೋವರೆಗೂ, 14 ವರ್ಷ, ಅದೇ ಹುದ್ದೆಯಲ್ಲಿದ್ದ. ಲೆಕ್ಕ ಹಾಕಿ ನೋಡಿ. 1928ರಿಂದ 1980ರವರೆಗಿನ 52 ವರ್ಷಗಳಲ್ಲಿ ಆತ ಕ್ಯೂಬಾದಲ್ಲಿ ಮನೆ ಮಾಡಿದ್ದು ಎರಡು ಕಂತಿನಲ್ಲಿ ಬರೀ 13 ವರ್ಷ. ಉಳಿದ 39 ವರ್ಷ ಹೊರಗೆ. ಆದರೂ 1976ರಲ್ಲಿ ಕ್ಯೂಬಾದ ರಾಷ್ಟ್ರೀಯ ಸಭೆಗೆ ಪ್ರತಿನಿಧಿಯಾಗಿ ಆರಿಸಿ ಬಂದ, ಅದೂ ಹಳೇ ಹವಾನಾ ಕ್ಷೇತ್ರದಿಂದ.

ರಾಯಭಾರಿ ಕೆಲಸ ಅಂದ್ರೆ ಊರಿನ ಪರವಾಗಿ ಮಾತಾಡೋಕೆ ಸಂಬಳ ತಗೊಂಡು ಊರಿನಿಂದ ದೂರ ಇರೋದು. ಸಂಬಳ ಬಿಟ್ಟರೆ ಹೊರನಾಡಿನಲ್ಲಿರುವ ಪ್ರತಿಯೊಬ್ಬರೂ ಮಾಡೋದು ಇದೇ. ಕಾವೇರಿ ಗಲಾಟೆ ಎದ್ದಾಗಲೆಲ್ಲ, 1991ರಲ್ಲಿ, 2002ರಲ್ಲಿ, 2016ರಲ್ಲಿ, ದಿಲ್ಲಿಯ ಆಫೀಸುಗಳಲ್ಲಿ ಕನ್ನಡದವರ ಮೇಜಿನ ಹತ್ತಿರ ಬಂದು "ಏನ್ರೀ ನಿಮ್ಮವರು ಬಸ್ಸು ಸುಡ್ತಿದ್ದಾರಂತೆ?" ಅಂತ ಕೇಳಿದವರು ಎಷ್ಟು ಜನ. ನೀವು ಬೆಂಗಳೂರಿನಲ್ಲಿದ್ದರೆ "ಥೂ, ಎಂಥ ಜನ" ಅಂತ ಬೈದು ಸುಮ್ಮನಾಗಬಹುದು. ಇಲ್ಲಿ ಹಾಗಾಗೋದಿಲ್ಲ. ನಾನೇ ಕರ್ನಾಟಕ. ಮನಸ್ಸಿಗೆ ಒಪ್ಪದ ಸಂಗತಿಯನ್ನೂ "ಹಾಗಲ್ಲ ಸಾರ್, ಅದರ ಹಿಂದೆ ಏನಾಗಿದೆ ಅಂದ್ರೆ" ಅಂತ ವಿವರಿಸೋಕೆ ಶುರುಮಾಡ್ತೀನಿ. ಒಂದು ಟಿಎಂಸಿ ಅಂದ್ರೆ ಎಷ್ಟು ನೀರು ಅಂತಲೂ ಗೊತ್ತಿಲ್ಲದವರು ಕೇಳುವ ಪ್ರಶ್ನೆಗೆ ಒಂದು ನಾಡಿನ ಪರವಾಗಿ ಉತ್ತರ. ಊರಿನ ಹೆಸರು ಹೇಳಿಕೊಂಡಮೇಲೆ ಊರಿನ ಜಗಳವೂ ನಮ್ಮ ಪಾಲಿಗೆ ಬರುತ್ತೆ.

ಕಾರ್ಪೆಂತಿಯೆರನ ಪಾಲಿಗೆ ಬಂದದ್ದು ಇದಕ್ಕಿಂತ ದೊಡ್ಡದು. 1971ರಲ್ಲಿ ಎಬೆರ್ತೊ ಪದಿಯಾ ಅನ್ನೋ ಕ್ಯೂಬನ್ ಕವಿಯನ್ನು ಸರ್ಕಾರ ಸೆರೆಗೆ ಹಾಕಿ, ಬಿಟ್ಟಮೇಲೆ ಲೇಖಕರ ಸಭೆಯ ಎದುರು ತನ್ನನ್ನೇ ತಾನು ಹಳಿದುಕೊಳ್ಳುವ ಹಾಗೆ ಮಾಡಿತು. ಅಲ್ಲಿವರೆಗೆ ಕ್ರಾಂತಿಯ ಬೆಂಬಲಕ್ಕಿದ್ದ ಸಾರ್ತ್ರ್, ಸಿಮೋನ್ ದ ಬೊವ್ವಾ, ವರ್ಗಾಸ್ ಯೋಸಾ ಮುಂತಾದವರು ಪ್ರತಿಭಟಿಸಿ ಬಹಿರಂಗ ಪತ್ರ ಬರೆದರು. ಆ ಪತ್ರಗಳ ಗದ್ದಲ ಎಲ್ಲಕ್ಕಿಂತ ಜಾಸ್ತಿ ಎದ್ದದ್ದು ಪ್ಯಾರಿಸ್ಸಿನಲ್ಲೇ. ಕಾರ್ಪೆಂತಿಯೆರ್ ತನ್ನ ಸರ್ಕಾರದ ಪಕ್ಕದಲ್ಲೇ ಉಳಿದ. 1927ರಲ್ಲಿ ಸರ್ವಾಧಿಕಾರಿಯ ಜೈಲು ಕಂಡು ಬಂದವನು, ವಿಕ್ತೋರ್ ಯೂಗ್‌ನನ್ನು ಬರೆದವನು ಆತ. ಇನ್ನೊಬ್ಬ ಲೇಖಕ ಜೈಲಿಗೆ ಹೋದದ್ದರ ಅರ್ಥ ಗೊತ್ತಿಲ್ಲದೇ ಇರೋಕೆ ಸಾಧ್ಯವಿಲ್ಲ. ಇದನ್ನು ಆತನ ಅಭಿಮಾನಿಗಳು ನಿಷ್ಠೆ ಅಂದರು, ವಿರೋಧಿಗಳು ಹುದ್ದೆಯ ಆಸೆ ಅಂದರು. ನನಗೆ ಅನ್ನಿಸೋದು ಬೇರೆ. ಹುಟ್ಟಿನಿಂದ ಬಂದ ಊರಾದರೆ ಅದನ್ನು ಬೈದರೂ ಅದು ನಿಮ್ಮದೇ. ಹೇಳಿಕೊಂಡು ಪಡೆದ ಊರನ್ನು ಬೈಯೋಕೆ ಹೆದರಿಕೆ. ಎಲ್ಲಿ ಯಾರು "ನೀನ್ಯಾರು?" ಅಂದುಬಿಡ್ತಾರೋ ಅಂತ.

ಅಂದವರು ಇರಲಿಲ್ಲ ಅಂತಲ್ಲ. 1966ರಲ್ಲಿ ನ್ಯೂಯಾರ್ಕಿನ ಲೇಖಕರ ಸಮ್ಮೇಳನಕ್ಕೆ ಹೋದದ್ದಕ್ಕೆ ಚಿಲಿಯ ಕವಿ ಪಾಬ್ಲೊ ನೆರೂದಾನನ್ನು ಟೀಕಿಸಿ ಕ್ಯೂಬಾದ ಲೇಖಕರು ಬರೆದ ಪತ್ರಕ್ಕೆ ಕಾರ್ಪೆಂತಿಯೆರನ ಸಹಿಯೂ ಇತ್ತು. ನೆರೂದಾ ಅದನ್ನು ಮರೆಯಲಿಲ್ಲ. ಆತ ತೀರಿಕೊಂಡಮೇಲೆ 1974ರಲ್ಲಿ ಹೊರಬಂದ ಆತ್ಮಕಥೆಯಲ್ಲಿ ಕಾರ್ಪೆಂತಿಯೆರನನ್ನು ಫ್ರೆಂಚ್ ಲೇಖಕ ಅಂತ ಕರೆದು ಬಿಟ್ಟಿದ್ದಾನೆ. ಬೈಗುಳದ ಒಂದು ಪದವೂ ಬೇಕಾಗಲಿಲ್ಲ.

ಅದೇ 1974ರಲ್ಲಿ ಕಾರ್ಪೆಂತಿಯೆರನ ಇನ್ನೊಂದು ಕಾದಂಬರಿ ಬಂತು. ಲ್ಯಾಟಿನ್ ಅಮೆರಿಕದ ಒಂದು ಕಲ್ಪಿತ ದೇಶದ ಸರ್ವಾಧಿಕಾರಿ ಪ್ಯಾರಿಸ್ಸಿನ ತಿಲ್ಸಿತ್ ಬೀದಿಯ ತನ್ನ ಭವ್ಯ ಮನೆಯಲ್ಲಿ ಕೂತು ಆಪೆರಾ ನೋಡ್ತಾ ತನ್ನ ದೇಶ ಆಳ್ತಾನೆ. ಕೊನೆಗೆ ಅಧಿಕಾರ ಹೋಗಿ ಅದೇ ಮನೆಯಲ್ಲಿ ನಿರಾಶ್ರಿತನಾಗಿ ಬಂದು ಬೀಳ್ತಾನೆ. ಅವನ ಜೊತೆ ಬಂದ ಊರಿನ ಹೆಂಗಸು ಎಲ್ಮೀರಾ ಮನೆಯ ಅಟ್ಟವನ್ನು ಹಿಡಿದುಕೊಂಡು ಅಲ್ಲಿ ಮೆಕ್ಕೆಜೋಳದ ಅಡುಗೆ ಶುರುಮಾಡ್ತಾಳೆ, ಬಲೆಯ ಜೋಲಿ ಕಟ್ತಾಳೆ. ಜೀವಮಾನವಿಡೀ ಫ್ರೆಂಚ್ ಊಟದ ಹೆಚ್ಚುಗಾರಿಕೆ ಕೊಚ್ಚಿಕೊಂಡ ಮುದುಕ ಕೊನೆಗೆ ಅಟ್ಟ ಹತ್ತಿ ಹೋಗಿ ಜೋಲಿಯಲ್ಲಿ ಮಲಗ್ತಾನೆ. ಇದನ್ನು ಓದಿದಾಗ ನನಗೆ ನಗುವೂ ಬಂತು, ಗಂಟಲೂ ಕಟ್ಟಿತು. ಶಿರಸಿ ಕಡೆಯಿಂದ ಬರುವವರ ಕೈಲಿ ಅಪ್ಪೆಮಿಡಿ ಉಪ್ಪಿನಕಾಯಿ ತರಿಸಿಕೊಳ್ಳೋದು, ಐಎನ್‌ಎ ಮಾರ್ಕೆಟ್ಟಿನಲ್ಲಿ ತೆಂಗಿನಕಾಯಿ ಅಲ್ಲಾಡಿಸಿ ನೋಡೋದು, ನಮ್ಮದೂ ಅಂಥದ್ದೊಂದು ಅಟ್ಟವೇ. ನನ್ನ ಮಗಳು ಹುಟ್ಟಿದ್ದು ದಿಲ್ಲಿಯಲ್ಲಿ. ಊರು ಯಾವುದು ಅಂದರೆ ಶಿರಸಿ ಅಂತಾಳೆ. ಅವಳಿಗೆ ಶಿರಸಿ ಅಂದ್ರೆ ವರ್ಷಕ್ಕೆ ಹತ್ತು ದಿನ ಮತ್ತು ಆ ಅಟ್ಟ.

1977ನೇ ಸಾಲಿನ ಸೆರ್ವಾಂತೆಸ್ ಪ್ರಶಸ್ತಿ, ಅಂದರೆ ಸ್ಪ್ಯಾನಿಷ್ ಭಾಷೆಯ ಅತಿ ದೊಡ್ಡ ಗೌರವ, ಕಾರ್ಪೆಂತಿಯೆರನಿಗೆ ಬಂತು. 1979ರಲ್ಲಿ ಕೊನೆಯ ಕಾದಂಬರಿ 'ಹಾರ್ಪ್ ಮತ್ತು ನೆರಳು'. ಅದರ ನಾಯಕ ಕ್ರಿಸ್ಟೋಫರ್ ಕೊಲಂಬಸ್. ಸಾವಿನ ಹಾಸಿಗೆಯಲ್ಲಿ ಮಲಗಿದ ಕೊಲಂಬಸ್ ಪಾದ್ರಿ ಬರೋದನ್ನು ಕಾಯ್ತಾ, ತಾನು ಹೇಳಿದ ಸುಳ್ಳುಗಳನ್ನೆಲ್ಲ ಒಂದೊಂದಾಗಿ ಎಣಿಸಿಕೊಳ್ತಾನೆ. ತನ್ನ ಗುಟ್ಟು ತನಗೊಬ್ಬನಿಗೇ ಗೊತ್ತಿದ್ದ ಲೇಖಕ ಕಡೆಯ ಪುಸ್ತಕಕ್ಕೆ ಈ ಮನುಷ್ಯನನ್ನೇ ಆರಿಸಿಕೊಂಡದ್ದು ಆಕಸ್ಮಿಕ ಅಂತ ನನಗೆ ಅನ್ನಿಸೋದಿಲ್ಲ. 1980ರ ಏಪ್ರಿಲ್ 24ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡ. ದೇಹವನ್ನು ಹವಾನಾಕ್ಕೆ ತಂದು ಮಣ್ಣು ಮಾಡಿದರು. ಆ ಸ್ಮಶಾನದ ಹೆಸರು ಕೊಲೋನ್, ಅಂದರೆ ಕೊಲಂಬಸ್.

ಆಮೇಲೆ ಜನನ ಪತ್ರ ಬೆಳಕಿಗೆ ಬಂತು. ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಲೊಸಾನ್ ಪಟ್ಟಣದಲ್ಲಿ. ಅದನ್ನು ಜಗತ್ತಿಗೆ ಸಾರಿ ಹೇಳಿದವನು ಇನ್ನೊಬ್ಬ ಕ್ಯೂಬನ್ ಕಾದಂಬರಿಕಾರ, ಗಿಯೆರ್ಮೊ ಕಬ್ರೇರಾ ಇನ್‌ಫಾಂತೆ. ಈತನ ಕಥೆಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. 1929ರಲ್ಲಿ ಕ್ಯೂಬಾದ ಹಿಬಾರಾ ಅನ್ನೋ ಕಡಲೂರಿನಲ್ಲಿ ಹುಟ್ಟಿದವನು. ಹುಟ್ಟಿನ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ. ಕ್ರಾಂತಿ ಆದಮೇಲೆ ಸಾಹಿತ್ಯ ಪುರವಣಿಯ ಸಂಪಾದಕನಾಗಿದ್ದ. 1961ರಲ್ಲಿ ಸರ್ಕಾರದ ಜೊತೆ ಜಟಾಪಟಿಯಾಗಿ ಪುರವಣಿ ನಿಂತಿತು. 1962ರಲ್ಲಿ ಆತನನ್ನೂ ಸಾಂಸ್ಕೃತಿಕ ಅಧಿಕಾರಿಯಾಗಿ ಬ್ರಸೆಲ್ಸಿನ ರಾಯಭಾರ ಕಚೇರಿಗೆ ಕಳಿಸಿದರು. 1965ರಲ್ಲಿ ಅಮ್ಮನ ಅಂತ್ಯಕ್ರಿಯೆಗೆ ಬಂದವನು ತಿರುಗಿ ಹೊರಟಮೇಲೆ ಮತ್ತೆ ಕ್ಯೂಬಾಕ್ಕೆ ಬರಲೇ ಇಲ್ಲ. ಲಂಡನ್ನಿನಲ್ಲಿ ನೆಲೆಸಿ, 1979ರಲ್ಲಿ ಬ್ರಿಟಿಷ್ ಪ್ರಜೆಯಾಗಿ, ಕ್ಯೂಬಾ ಸರ್ಕಾರದ ವಿರುದ್ಧ ಬರೆದೇ ಬರೆದ. 1997ರಲ್ಲಿ ಆತನಿಗೂ ಸೆರ್ವಾಂತೆಸ್ ಪ್ರಶಸ್ತಿ ಬಂತು. 2005ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ನಲವತ್ತು ವರ್ಷ ಮಳೆಯ ಲಂಡನ್ನಿನಲ್ಲಿ ಕೂತು ಬರೆದದ್ದೆಲ್ಲ ಹವಾನಾದ ರಾತ್ರಿಗಳು, ಹವಾನಾದ ಬೀದಿಗಳು, ಹವಾನಾದ ಮಾತು.

ಇಬ್ಬರೂ ಕಾದಂಬರಿಕಾರರು, ಇಬ್ಬರೂ ಒಂದೇ ಸರ್ಕಾರದ ರಾಜತಾಂತ್ರಿಕರು, ಇಬ್ಬರೂ ಪರದೇಶದಲ್ಲಿ ಸತ್ತವರು. ಹೊರಗೆ ಹುಟ್ಟಿದವನು ಹವಾನಾದ ಮಣ್ಣಿನಲ್ಲಿದ್ದಾನೆ. ಅಲ್ಲೇ ಹುಟ್ಟಿದವನು ಪರದೇಶದ ಪ್ರಜೆಯಾಗಿ ಹೋದ. ಒಬ್ಬ ಊರನ್ನು ಉಳಿಸಿಕೊಳ್ಳೋಕೆ ಸುಮ್ಮನಿದ್ದ, ಇನ್ನೊಬ್ಬ ಮಾತಾಡಿ ಊರನ್ನು ಕಳೆದುಕೊಂಡ. ಯಾರದ್ದು ಸರಿ ಅಂತ ದಿಲ್ಲಿಯಲ್ಲಿ ಕೂತು ತೀರ್ಪು ಕೊಡೋದು ನನಗೆ ಸುಲಭವಲ್ಲ. ಪದಿಯಾ ವಿಷಯದಲ್ಲಿ ನನ್ನ ಮನಸ್ಸು ಪತ್ರ ಬರೆದವರ ಕಡೆಗೇ ಇದೆ. ಆದರೆ ಜನನ ಪತ್ರ ತೋರಿಸಿ ಕಾರ್ಪೆಂತಿಯೆರನ ಕ್ಯೂಬಾವನ್ನು ಕಿತ್ತುಕೊಳ್ಳೋಕೆ ಹೊರಟರೆ ನಾನು ಒಪ್ಪೋದಿಲ್ಲ. 1946ರಲ್ಲಿ 'ಕ್ಯೂಬಾದ ಸಂಗೀತ' ಅನ್ನೋ ಪುಸ್ತಕ ಬರೆದು, ಚರ್ಚಿನ ಹಳೆಯ ಕಡತಗಳಿಂದ ಹಿಡಿದು ಕರಿಯರ ಡೋಲಿನವರೆಗೆ ಆ ದೇಶದ ಸಂಗೀತದ ಚರಿತ್ರೆಯನ್ನು ಆ ಜನಕ್ಕೇ ಮೊದಲ ಸಲ ಒಟ್ಟಾಗಿ ಕೊಟ್ಟವನು ಆತ. ಅದಕ್ಕೆ ಲೊಸಾನಿನ ಕಚೇರಿಯ ಮೊಹರು ಏನು ಮಾಡೀತು?

ನಮ್ಮಲ್ಲೇ ನೋಡಿ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದ್ದು ತಮಿಳು. ಕಾರ್ನಾಡರು ಹುಟ್ಟಿದ್ದು ಮಹಾರಾಷ್ಟ್ರದ ಮಾಥೇರಾನಿನಲ್ಲಿ. ಯಶವಂತ ಚಿತ್ತಾಲರು ದಶಕಗಟ್ಟಲೆ ಮುಂಬಯಿಯಲ್ಲಿದ್ದು ಹನೇಹಳ್ಳಿಯನ್ನು ಬರೆದರು, 2014ರಲ್ಲಿ ಮುಂಬಯಿಯಲ್ಲೇ ತೀರಿಕೊಂಡರು. ಇವರ ಕನ್ನಡತನಕ್ಕೆ ಯಾರೂ ಸರ್ಟಿಫಿಕೇಟ್ ಕೇಳಲಿಲ್ಲ, ಅದು ನಾಡಿನ ದೊಡ್ಡತನ. ಆದರೆ ದೊಡ್ಡ ಲೇಖಕರಿಗೆ ಕೊಟ್ಟ ಈ ರಿಯಾಯಿತಿ ರಜೆಗೆ ಊರಿಗೆ ಬರುವ ಸಾಮಾನ್ಯ ಹೊರನಾಡಿಗನಿಗೆ ಅಷ್ಟು ಸುಲಭಕ್ಕೆ ಸಿಗೋದಿಲ್ಲ. ಅವನ ಮಾತಿನಲ್ಲಿ ಹಿಂದಿ ಸೇರಿಕೊಂಡಿರುತ್ತೆ. ಪುಣೆಯವನಾದರೆ ಮರಾಠಿ, ಚೆನ್ನೈಯವನಾದರೆ ತಮಿಳಿನ ಎಳೆತ. ಹುಡುಗರು 'ಳ' ಅನ್ನಬೇಕಾದಲ್ಲಿ 'ಲ' ಅಂತಾರೆ. ಮದುವೆ ಮನೆಯಲ್ಲಿ ಅದನ್ನು ಅಣಕಿಸಿ ನಗೋದು ಎಲ್ಲರಿಗೂ ತಮಾಷೆ. ಆ ಹುಡುಗ ಮುಂದಿನ ಸಲ ಇಂಗ್ಲಿಷಿನಲ್ಲೇ ಮಾತಾಡ್ತಾನೆ.

ಒಳನಾಡಿನ ಓದುಗರಲ್ಲಿ ನಾನು ಕೇಳೋದು ಇಷ್ಟೇ. ಲೊಸಾನಿನಲ್ಲಿ ಹುಟ್ಟಿದ, 'ರ' ಸರಿಯಾಗಿ ಬಾರದ ಒಬ್ಬ ಮನುಷ್ಯ ಹವಾನಾ ನನ್ನ ಊರು ಅಂತ ಹೇಳಿಕೊಂಡು, ಅದಕ್ಕಾಗಿ 39 ವರ್ಷ ಪರದೇಶದಲ್ಲಿ ಕೂತು ಆ ಊರಿನ ಭಾಷೆಯನ್ನು ಬೆಳೆಸಿದ. ಆ ಊರಿಗಾಗಿ ಆಡಬೇಕಾದ ಮಾತನ್ನೂ ನುಂಗಿಕೊಂಡ, ಅದು ಆತ ತೆತ್ತ ಬೆಲೆ. ಅಷ್ಟು ಬೆಲೆ ತೆರಬೇಕಾದ ಅಗತ್ಯ ನಮ್ಮ ಮಕ್ಕಳಿಗೆ ಬಾರದಿರಲಿ. 'ಲ' ಅಂದರೂ 'ಳ' ಅಂದರೂ ಊರು ಅವರದ್ದೇ ಅನ್ನೋ ಧೈರ್ಯ ಇದ್ದರೆ ಅವರು ಊರನ್ನು ಹೊಗಳಬೇಕಾದಲ್ಲಿ ಹೊಗಳ್ತಾರೆ, ತಪ್ಪಾದಾಗ ತಪ್ಪು ಅಂತಲೂ ಹೇಳ್ತಾರೆ. ಆ ಧೈರ್ಯ ಕೊಡೋದು ನಿಮ್ಮ ಕೈಲಿದೆ.